ಹಚ್ಚೋದು ತಾನೇ, ಮೇಡಂ?

ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳಿದರೆ ಬಹಳ ಮಂದಿ ‘ಇಲ್ಲ’ ಅನ್ನುತ್ತಾರೆ. ಬಿಪಿ ಮಾತ್ರೆ? ‘ಅದು ದಿನಾ ಇರೋದೇ.’ ಕ್ರೀಮು, ಆಯಿಂಟ್‌ಮೆಂಟು? ‘ಅಯ್ಯೋ, ಅದು ಹಚ್ಚೋದು ಅಲ್ವಾ ಮೇಡಂ!’ ದಿನಾ ನುಂಗುವುದು ಲೆಕ್ಕಕ್ಕಿಲ್ಲ, ಹಚ್ಚುವುದು ಔಷಧಿಯೇ ಅಲ್ಲ. ಚರ್ಮದ ವೈದ್ಯೆಯಾದ ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸುವುದು ಇಲ್ಲೇ. ಅದರಲ್ಲೂ ಲೇಸರ್, ಟ್ಯಾಟೂ, ಕಿವಿ ಚುಚ್ಚಿಸುವಾಗ ನೋವು ತಿಳಿಯದಿರಲಿ ಅಂತ ಮೊದಲೇ ಹಚ್ಚುವ ಮರಗಟ್ಟಿಸುವ ಕ್ರೀಮಿನ ವಿಷಯದಲ್ಲಿ.

ಸ್ವಲ್ಪ ಯೋಚಿಸಿ. ನೋವು ತಿಳಿಯುವ ನರದ ತುದಿಗಳು ಚರ್ಮದ ಒಳಗಿವೆ. ಕ್ರೀಮು ಅಲ್ಲಿವರೆಗೆ ಇಳಿದರೆ ಮಾತ್ರ ಮರಗಟ್ಟುವುದು. ಅಷ್ಟು ಇಳಿದದ್ದು ಪಕ್ಕದಲ್ಲೇ ಇರುವ ರಕ್ತನಾಳಕ್ಕೆ ಸೇರದೆ ಇರುತ್ತದೆಯೇ? ಸೇರುತ್ತದೆ. ಗಾಯವಿಲ್ಲದ ಚರ್ಮದ ಮೇಲೆ ಅಂಗೈಯಷ್ಟು ಜಾಗಕ್ಕೆ ಹಚ್ಚಿದರೆ ತೀರಾ ಕಡಿಮೆ. ಜಾಗ ಹೆಚ್ಚಾದರೆ, ಹೊತ್ತು ಜಾಸ್ತಿಯಾದರೆ, ಬಿಸಿ ತಾಗಿದರೆ, ಮೇಲೆ ಪ್ಲಾಸ್ಟಿಕ್ ಸುತ್ತಿದರೆ, ಆಗಷ್ಟೇ ವ್ಯಾಕ್ಸಿಂಗ್ ಮಾಡಿಸಿ ಚರ್ಮ ಕೆಂಪಾಗಿದ್ದರೆ, ಲೆಕ್ಕ ಬೇರೆಯಾಗುತ್ತದೆ.

ಲೆಕ್ಕ ಅಂದೆನಲ್ಲ, ಮಾಡಿಯೇ ನೋಡೋಣ. ಸಾಮಾನ್ಯವಾಗಿ ಸಿಗುವ ಕ್ರೀಮಿನಲ್ಲಿ ಮರಗಟ್ಟಿಸುವ ಎರಡು ಔಷಧಿಗಳಿವೆ: ಲಿಗ್ನೊಕೇನ್ 2.5%, ಪ್ರಿಲೊಕೇನ್ 2.5%. 30 ಗ್ರಾಂ ಟ್ಯೂಬಿನಲ್ಲಿ ಒಂದೊಂದೂ 750 ಮಿಲಿಗ್ರಾಂ. ಇದೇ ಲಿಗ್ನೊಕೇನನ್ನು ಬೇರೇನೂ ಬೆರೆಸದೆ ಸೂಜಿಯಲ್ಲಿ ಕೊಡುವಾಗ ದೊಡ್ಡವರಿಗೂ 300 ಮಿಲಿಗ್ರಾಂ ದಾಟಬಾರದು ಅಂತ ನಮಗೆ ಕಲಿಸಿದ್ದಾರೆ. ಹಚ್ಚಿದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ, ನಿಜ. ಆದರೆ ಸಣ್ಣ ಟ್ಯೂಬು ಅಂತ ಅದರಲ್ಲಿರುವುದೂ ಸಣ್ಣದು ಅಂದುಕೊಳ್ಳಬೇಡಿ.

ಮದುವೆ ಸೀಸನ್‌ನಲ್ಲಿ ಲೇಸರ್ ಮಾಡಿಸಿಕೊಳ್ಳಲು ಒಬ್ಬಳು ಹುಡುಗಿ ಬಂದಿದ್ದಳು. ಗೆಳತಿ ಹೇಳಿದಳು ಅಂತ ಎರಡೂ ಕಾಲಿಗೆ ಮಂಡಿಯವರೆಗೆ ಕ್ರೀಮು ಮೆತ್ತಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಸ್ಕೂಟರ್ ಓಡಿಸಿಕೊಂಡು ಬಿಸಿಲಲ್ಲಿ ಬಂದಿದ್ದಳು. ‘ತುಟಿ ಸುತ್ತ ಜೋಮು ಹಿಡಿದ ಹಾಗಿದೆ ಮೇಡಂ, ಕ್ರೀಮು ಚೆನ್ನಾಗಿ ಕೆಲಸ ಮಾಡ್ತಿದೆ’ ಅಂದಳು. ಕಾಲಿಗೆ ಹಚ್ಚಿದ್ದು ತುಟಿಗೆ ಹೇಗಮ್ಮ ಬಂತು? ತಕ್ಷಣ ಒರೆಸಿ, ಕಾಲು ತೊಳೆಸಿ, ಪಕ್ಕದ ಆಸ್ಪತ್ರೆಯಲ್ಲಿ ಇಸಿಜಿ ಹಾಕಿಸಿ ಕೂರಿಸಿದೆವು. ಸಂಜೆ ಹೊತ್ತಿಗೆ ಸರಿಹೋದಳು. ಲೇಸರ್ ಮಾತ್ರ ಮಾಡಲಿಲ್ಲ ಅಂತ ನನ್ನ ಮೇಲೆ ಸಿಟ್ಟು.

ಸಿಟ್ಟು ಬಂದರೆ ಬರಲಿ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೀಗೇ ಲೇಸರ್‌ಗೆ ಮುಂಚೆ ಕಾಲಿಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಫಿಟ್ಸ್ ಬಂದು, ಕೋಮಾಗೆ ಹೋಗಿ ತೀರಿಕೊಂಡರು. ಅವರು ಬಳಸಿದ್ದು ಔಷಧಿ ಅಂಗಡಿಯಲ್ಲೇ ಕಲಸಿದ, ಜಾಸ್ತಿ ಪ್ರಮಾಣದ ಕ್ರೀಮು. ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ನಾವೂ ಕೆಲವೊಮ್ಮೆ ಕ್ರೀಮಿನ ಮೇಲೆ ತೆಳು ಹಾಳೆ ಹಾಕುತ್ತೇವೆ. ಆದರೆ ಸಣ್ಣ ಜಾಗಕ್ಕೆ, ಗಡಿಯಾರ ನೋಡಿಕೊಂಡು.

ಈಗ ದಿನಾ ನುಂಗುವ ಮಾತ್ರೆಗೆ ಬರೋಣ. ರಕ್ತಕ್ಕೆ ಸೇರಿದ ಲಿಗ್ನೊಕೇನನ್ನು ಕರಗಿಸುವುದು ಲಿವರ್. ಮೈಗ್ರೇನ್‌ಗೆ, ಕೈನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಎದೆಬಡಿತದ ಏರುಪೇರಿಗೆ ಮೆಕ್ಸಿಲೆಟಿನ್ ಅಥವಾ ಅಮಿಯೊಡರಾನ್ ತೆಗೆದುಕೊಳ್ಳುವವರಿಗೆ ಹೃದಯದ ಮೇಲೆ ಎರಡರ ಪರಿಣಾಮವೂ ಕೂಡಿಕೊಳ್ಳಬಹುದು. ಇನ್ನು ಪ್ರಿಲೊಕೇನ್‌ದು ಬೇರೆ ತಕರಾರು. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದ ಹಾಗೆ ಮಾಡಬಲ್ಲದು. ಕುಷ್ಠಕ್ಕೆ, ಕೆಲವು ಚರ್ಮರೋಗಗಳಿಗೆ ನಾವೇ ಬರೆಯುವ ಡ್ಯಾಪ್ಸೋನ್ ಕೂಡ ಇದನ್ನೇ ಮಾಡುತ್ತದೆ. ಸಲ್ಫಾ ಮಾತ್ರೆಗಳೂ, ಮಲೇರಿಯಾದ ಪ್ರೈಮಾಕ್ವಿನ್ ಕೂಡ. ಮಂಗಳೂರು ಕಡೆಯವರಿಗೆ ಪ್ರೈಮಾಕ್ವಿನ್‌ನ 14 ದಿನದ ಕೋರ್ಸ್ ಹೊಸದಲ್ಲ. ಆ ದಿನಗಳಲ್ಲಿ ಲೇಸರ್, ಟ್ಯಾಟೂ ಮುಂದೂಡಿ. ಹುಟ್ಟಿನಿಂದಲೇ ಬರುವ, ಕೆಂಪು ರಕ್ತಕಣದ ಒಂದು ಕಿಣ್ವದ ಕೊರತೆ, ಅಂದರೆ ಜಿ6ಪಿಡಿ ಕೊರತೆ ಇದೆ ಅಂತ ಯಾರಾದರೂ ಹೇಳಿದ್ದರೆ ಮೊದಲೇ ತಿಳಿಸಿ. ಹಿಮೋಗ್ಲೋಬಿನ್‌ಗೆ ಹೀಗೆ ತೊಂದರೆ ಕೊಡುವ ಔಷಧಿಗಳ ಪಟ್ಟಿಯಲ್ಲಿ ಪ್ಯಾರಸಿಟಮಾಲ್ ಹೆಸರೂ ಇರುತ್ತದೆ. ಅದಕ್ಕೆ ಗಾಬರಿ ಬೇಡ, ಹೇಳಿದರೆ ಸಾಕು. ಯಾರೂ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.

ಬಾಯಿಹುಣ್ಣಿನ ಎಷ್ಟೋ ಜೆಲ್‌ಗಳಲ್ಲಿ, ಮೂಲವ್ಯಾಧಿಯ ಮುಲಾಮುಗಳಲ್ಲಿ, ಹಲ್ಲಿನ ಡಾಕ್ಟರ ಸೂಜಿಯಲ್ಲಿ ಇರುವುದೂ ಲಿಗ್ನೊಕೇನೇ. ಒಂದೇ ದಿನ ಇವೆಲ್ಲ ಸೇರಿದರೆ ಒಟ್ಟು ಲೆಕ್ಕ ಇಡುವವರು ಯಾರು? ನೀವು ಹೇಳದಿದ್ದರೆ ಯಾರೂ ಇಲ್ಲ.

ಅಜ್ಜಿಯರ ಜೊತೆ ಮಾತ್ರ ನನಗೆ ಜಗಳವಾಡಲು ಆಗುವುದಿಲ್ಲ. ಮೊಮ್ಮಗುವಿಗೆ ಕಿವಿ ಚುಚ್ಚಿಸುವಾಗ ನೋವಾಗಬಾರದು ಅಂತ ಅರ್ಧ ಟ್ಯೂಬು ಬಳಿದಿರುತ್ತಾರೆ. ಪ್ರೀತಿ ಜಾಸ್ತಿ, ಕ್ರೀಮೂ ಜಾಸ್ತಿ. ಮೂರು ತಿಂಗಳೊಳಗಿನ ಕೂಸಿಗೆ ಒಟ್ಟು 1 ಗ್ರಾಂ, ಒಂದು ಗಂಟೆ. ಅಷ್ಟೇ ಮಿತಿ. ವರ್ಷ ತುಂಬುವವರೆಗೆ, ಅದೂ 5 ಕೆ.ಜಿ. ಮೀರಿದ ಮಗುವಿಗೆ, 2 ಗ್ರಾಂ. ಎಳೆಗೂಸು ಸಲ್ಫಾದಂಥ ಔಷಧಿ ಕುಡಿಯುತ್ತಿದ್ದರೆ ಈ ಕ್ರೀಮೇ ಬೇಡ. ಹಲ್ಲು ಬರುವಾಗ ವಸಡಿಗೆ ಮರಗಟ್ಟಿಸುವ ಜೆಲ್ ಕೂಡ ಬೇಡ. ಮರಗಟ್ಟಿಸುವ ಇನ್ನೊಂದು ಔಷಧಿ ಬೆಂಜೊಕೇನ್ ಇರುವುದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ ಅಂತ 2018ರಲ್ಲಿ ಎಫ್‌ಡಿಎ ಸ್ಪಷ್ಟವಾಗಿ ಹೇಳಿದೆ. ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡಿ, ಬೆರಳಿನಿಂದ ವಸಡು ಉಜ್ಜಿ.

ಹಚ್ಚಿದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ, ತುಟಿ ಜೋಮು ಹಿಡಿದರೆ, ತಲೆ ಸುತ್ತಿದರೆ, ಕೈಕಾಲು ಅದುರಿದರೆ ಕ್ರೀಮು ಒರೆಸಿ ತೊಳೆಯಿರಿ, ತಡಮಾಡದೆ ಆಸ್ಪತ್ರೆಗೆ ಹೊರಡಿ. ಒಂದೆರಡು ಗಂಟೆಯ ನಂತರವೂ ತುಟಿ, ನಾಲಿಗೆ, ಉಗುರು ನೀಲಿಯಾಗಬಹುದು. ಆಗಲೂ ಅಷ್ಟೇ. ಹೋಗುವಾಗ ಟ್ಯೂಬು ಮತ್ತು ಮನೆಯಲ್ಲಿರುವ ಮಾತ್ರೆಗಳ ಚೀಲ ಕೈಯಲ್ಲಿರಲಿ. ಟ್ಯೂಬು ಖಾಲಿಯಾಗಿದ್ದರೂ ತನ್ನಿ, ಎಷ್ಟು ಹಚ್ಚಿದ್ದೀರಿ ಅಂತ ಅದನ್ನು ನೋಡಿಯಾದರೂ ತಿಳಿಯುತ್ತದೆ.