ಬುಕಾನನ್ ಪುಸ್ತಕದಲ್ಲಿ ನಮ್ಮೂರು ಇದೆಯಾ?

ಪ್ರಶ್ನೆ: 1800ರಲ್ಲಿ ಬುಕಾನನ್ ಅನ್ನೋ ಇಂಗ್ಲೆಂಡಿನ ಸಾಹೇಬ ನಮ್ಮ ಸೀಮೆಯೆಲ್ಲ ಸುತ್ತಿ ದೊಡ್ಡ ಪುಸ್ತಕ ಬರೆದಿದ್ದಾನಂತೆ. ನಮ್ಮೂರು ಹಿರಿಯೂರಿನ ಹತ್ತಿರ. ಇಂಟರ್ನೆಟ್ಟಿನಲ್ಲಿ ಪುಸ್ತಕ ಸಿಕ್ಕಿತು. ಊರಿನ ಹೆಸರು ಟೈಪ್ ಮಾಡಿದರೆ ಮಾತ್ರ ಏನೂ ಬರುವುದಿಲ್ಲ. ಹುಡುಕುವುದು ಹೇಗೆ?

ಉತ್ತರ: ಫ್ರಾನ್ಸಿಸ್ ಬುಕಾನನ್ ಇಂಗ್ಲೆಂಡಿನವನಲ್ಲ, ಸ್ಕಾಟ್ಲೆಂಡಿನವನು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯ. ಗಿಡಮರಗಳ ಹುಚ್ಚು ಬೇರೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ಕ್ಕೆ. ಅದಾಗಿ ವರ್ಷ ತುಂಬುವ ಮೊದಲೇ, 1800ರ ಏಪ್ರಿಲ್ 23ರಂದು ಇವನು ಮದರಾಸಿನಿಂದ ಹೊರಟ. ಕಳಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಮೆಣಸು, ಶ್ರೀಗಂಧ ಎಲ್ಲಿವೆ ಅಂತ ಕಂಪನಿಗೆ ಗೊತ್ತಾಗಬೇಕಿತ್ತು. 1801ರ ಜುಲೈವರೆಗೆ ಸುತ್ತಿದ. ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಬಂತು.

ನಿಮಗೆ ಊರು ಸಿಗದಿರುವುದಕ್ಕೆ ಕಾರಣ ಕಾಗುಣಿತ. ಬುಕಾನನ್ ಕಿವಿಗೆ ಕೇಳಿಸಿದಂತೆ ಬರೆದ. ಈಗ ನಾವು ಕೆ ಹಾಕುವ ಎಷ್ಟೋ ಕಡೆ ಅವನು ಸಿ ಹಾಕುತ್ತಾನೆ. ಹಾಗಾಗಿ ಕೋಲಾರ, ತುಮಕೂರು ಎರಡನ್ನೂ ಸಿ ಹಾಕಿ ಹುಡುಕಬೇಕು. ಚಿತ್ರದುರ್ಗ ಅವನಿಗೆ 'ಚತ್ರಕಲ್'. ಹೊನ್ನಾವರ 'ಓನೋರ್'. ಬಿದನೂರು 'ಹೈದರ್ ನಗರ'. ನಿಮ್ಮ ಹಿರಿಯೂರು 'ಹೆರಿಉರು' ಆಗಿದೆ: ಎಚ್ ಆದ ಮೇಲೆ ಐ ಅಲ್ಲ, ಇ. ನಿಮ್ಮೂರ ಹೆಸರಿಗೂ ಇಂಥದ್ದೇ ಅಕ್ಷರಗಳನ್ನು ಬದಲಿಸಿ ನೋಡಿ!

ಆದರೂ ಹೆಸರಿಗಿಂತ ದಾರಿ ಹಿಡಿದು ಹೋಗುವುದು ವಾಸಿ. ಪುಸ್ತಕ ದಿನಚರಿಯ ರೂಪದಲ್ಲಿದೆ. ಇಂಥ ತಾರೀಖು, ಇಷ್ಟು ಕ್ರೋಶ ನಡೆದು ಇಂಥ ಊರಿಗೆ ಬಂದೆ, ಹೀಗೆ. ಮೂರನೇ ಸಂಪುಟ ತೆಗೆಯಿರಿ. ಹೈದರ್ ನಗರದ (ಬಿದನೂರಿನ) ಕಡೆಯಿಂದ ಹರಿಹರ, ಚಿತ್ರದುರ್ಗದ ಮೇಲೆ ಬಂದ ಅಧ್ಯಾಯ ಹಿರಿಯೂರಿನಲ್ಲಿ ಮುಗಿಯುತ್ತದೆ. ಮುಂದಿನದು ಅಲ್ಲಿಂದಲೇ ಶ್ರೀರಂಗಪಟ್ಟಣಕ್ಕೆ ಹೊರಡುತ್ತದೆ. ಆ ಎರಡು ಅಧ್ಯಾಯ ಕೂತು ಓದಿ. ವಿಜಯಪುರ, ಕಲಬುರಗಿ, ರಾಯಚೂರಿನವರು ಮಾತ್ರ ಸುಮ್ನೆ ಹುಡುಕಬೇಡಿ. ಅವನು ಆ ಕಡೆ ಹೋಗಲೇ ಇಲ್ಲ.

ನಿಮ್ಮೂರ ಹೆಸರೇ ಇಲ್ಲ ಅನ್ನಿ, ಬದುಕು ಇದ್ದೇ ಇರುತ್ತದೆ. ನನಗೆ ಈ ಪುಸ್ತಕದಲ್ಲಿ ಜಾಸ್ತಿ ಇಷ್ಟವಾಗುವುದು ಅದೇ. ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಗುಂಡಿಯಲ್ಲಿ, ತುಂಬಿಡುವುದನ್ನು ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು, ಅದು ದೂರದೂರಿಗೆ ಹೋಗುತ್ತಿತ್ತು ಅನ್ನುತ್ತಾನೆ. ಲಾಲ್‌ಬಾಗ್ ಆಗ ಹೈದರ್, ಟಿಪ್ಪು ಮಾಡಿಸಿದ ತೋಟ. ಚೌಕ ಚೌಕ ಪಾತಿ, ನಡುವೆ ದಾರಿ, ದಾರಿಯ ಪಕ್ಕ ಸೈಪ್ರೆಸ್ ಮರ. ಒಂದು ಚೌಕದ ತುಂಬ ಗುಲಾಬಿಯೇ, ಇನ್ನೊಂದರ ತುಂಬ ದಾಳಿಂಬೆಯೇ. ಜಮೀನಿನ ಅಳತೆ ಬಂದಾಗ ಸ್ವಲ್ಪ ನಿಧಾನ. ಅಲ್ಲಿ ಖಂಡುಗ ಅಂದರೆ ಬರೀ ಕಾಳಿನ ಅಳತೆ ಅಲ್ಲ. ಅಷ್ಟು ಬೀಜ ಬಿತ್ತುವ ನೆಲಕ್ಕೂ ಅದೇ ಹೆಸರು. ಅದೂ ಊರಿಂದೂರಿಗೆ ಬೇರೆ.

ಇದೆಲ್ಲ ನಿಜವೇ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅಲ್ವಾ? ಕಣ್ಣಾರೆ ಕಂಡದ್ದನ್ನು ನಾನು ನಂಬುತ್ತೇನೆ. ಕೇಳಿ ಬರೆದದ್ದನ್ನು ಅರ್ಧ. ನಡುವೆ ದುಭಾಷಿ ಇದ್ದಾನೆ. ಮೊನ್ನೆಯಷ್ಟೇ ಗೆದ್ದ ಕಂಪನಿಯ ಮನುಷ್ಯ ಬಂದು 'ಎಷ್ಟು ಬೆಳೀತೀಯಪ್ಪ?' ಅಂತ ಕೇಳಿದರೆ ಯಾವ ರೈತ ಸರಿಯಾದ ಲೆಕ್ಕ ಕೊಟ್ಟಾನು? ಕಂದಾಯದ ಭಯ ಇದ್ದೇ ಇರುತ್ತದೆ. ಜಾತಿಗಳ ಬಗ್ಗೆ ಬರೆದ ಕಡೆಯೂ ಅಷ್ಟೇ, ಹೇಳಿದವರು ಯಾರು ಅಂತ ನೋಡಿಕೊಂಡು ಓದಿ.

ಇನ್ನು ಮೂಲ ಪ್ರತಿ ಕೊಳ್ಳುವ ಆಸೆ ಇದ್ದರೆ ಒಂದು ಮಾತು. ಮೊದಲ ಪುಟದಲ್ಲಿ 1807 ಅಂತ ಇದ್ದ ಮಾತ್ರಕ್ಕೆ ಅದು ಹಳೆಯದಲ್ಲ. ಇದ್ದಂತೆಯೇ ಮಾಡಿದ ಮರುಮುದ್ರಣದಲ್ಲೂ ಅದೇ ಪುಟ ಇರುತ್ತದೆ. 1870ರಲ್ಲಿ ಮದರಾಸಿನ ಹಿಗಿನ್‌ಬಾಥಮ್ ತಂದ ಎರಡನೇ ಮುದ್ರಣದಲ್ಲಿ ಇರುವುದು ಎರಡೇ ಸಂಪುಟ. ಅದು ಕೈಗೆ ಬಂದರೆ ಮೂರನೆಯದನ್ನು ಹುಡುಕಿಕೊಂಡು ಅಲೆಯಬೇಡಿ.