ಗರ್ಭಿಣಿಯರಿಗೆ ‘ಕೆಮಿಕಲ್ ಫ್ರೀ’ ಟೂತ್‌ಪೇಸ್ಟ್ ಎಂದರೇನು?

ಟೂತ್‌ಪೇಸ್ಟಿನ ಪೆಟ್ಟಿಗೆಯ ಮೇಲೆ ‘ಕೆಮಿಕಲ್ ಫ್ರೀ’ ಎಂದು ಅಚ್ಚಾಗಿದ್ದರೆ ಅದನ್ನು ಅಕ್ಷರಶಃ ನಂಬುವಂತಿಲ್ಲ, ಏಕೆಂದರೆ ಹಲ್ಲು ತಿಕ್ಕಲು ನೆರವಾಗುವ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯೂ ಲವಂಗದೆಣ್ಣೆಯ ಯೂಜೆನಾಲ್ ಕೂಡ ರಾಸಾಯನಿಕಗಳೇ. ಟ್ರೈಕ್ಲೋಸಾನ್, ಎಸ್‌ಎಲ್‌ಎಸ್, ಪೇಸ್ಟು ಕೆಡದಂತೆ ಕಾಯುವ ಪ್ಯಾರಾಬೆನ್, ಕೃತಕ ಬಣ್ಣ, ಕೆಲವೊಮ್ಮೆ ಫ್ಲೋರೈಡ್ ಇವುಗಳಲ್ಲಿ ಒಂದೆರಡನ್ನು ತಯಾರಕರು ಸೇರಿಸಿಲ್ಲ ಎಂಬುದಷ್ಟೇ ಈ ಮಾತಿನ ರೂಢಿಯ ಅರ್ಥ. ಯಾವುದನ್ನು ಬಿಟ್ಟಿದ್ದಾರೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಬಸುರಿ ಹೆಂಗಸು ಓದಬೇಕಾದದ್ದು ಪೆಟ್ಟಿಗೆಯ ಮುಂದಿನ ದಪ್ಪಕ್ಷರಗಳನ್ನಲ್ಲ, ಹಿಂಬದಿಯ ಸಣ್ಣಕ್ಷರದ ಪಟ್ಟಿಯನ್ನು. ಟ್ಯೂಬಿನ ತುದಿಯಲ್ಲಿ ಹಸಿರು ಗೆರೆಯಿದ್ದರೆ ನೈಸರ್ಗಿಕ, ಕಪ್ಪು ಗೆರೆಯಿದ್ದರೆ ಪೂರ್ತಿ ರಾಸಾಯನಿಕ ಎಂದು ವಾಟ್ಸ್ಯಾಪ್‌ನಲ್ಲಿ ಇಂದಿಗೂ ಸುತ್ತುತ್ತಿರುವ ಸಂದೇಶಕ್ಕೆ ಯಾವ ಆಧಾರವೂ ಇಲ್ಲ. ಟ್ಯೂಬನ್ನು ಎಲ್ಲಿ ಕತ್ತರಿಸಿ ಅಂಟಿಸಬೇಕು ಎಂದು ಯಂತ್ರದ ಕಣ್ಣಿಗೆ ತೋರಿಸುವ ಗುರುತು ಅದು.

ಪಟ್ಟಿಯಲ್ಲಿ ಮೊದಲು ಹುಡುಕಬಹುದಾದ ಹೆಸರು ಟ್ರೈಕ್ಲೋಸಾನ್. ಬ್ಯಾಕ್ಟೀರಿಯಾ ಕೊಲ್ಲುವ ಈ ವಸ್ತು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರುಪೇರು ಮಾಡಿದೆ. ಕೈತೊಳೆಯುವ ಸೋಪುಗಳಲ್ಲಿ ಇದನ್ನು ಬಳಸಕೂಡದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಆದೇಶಿಸಿತು. ಟೂತ್‌ಪೇಸ್ಟಿನಲ್ಲಿರುವ ಅಲ್ಪ ಪ್ರಮಾಣದಿಂದ ಮನುಷ್ಯರ ಗರ್ಭಕ್ಕೆ ಹಾನಿಯಾಗುತ್ತದೆಂದು ಸಿದ್ಧವಾಗಿಲ್ಲ. ಆದರೆ ಇದಿಲ್ಲದ ಪೇಸ್ಟುಗಳು ಧಾರಾಳವಾಗಿ ಸಿಗುವಾಗ ಒಂಬತ್ತು ತಿಂಗಳ ಮಟ್ಟಿಗೆ ಇದನ್ನು ದೂರವಿಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಪ್ಯಾರಾಬೆನ್ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ.

ಎಸ್‌ಎಲ್‌ಎಸ್, ಅಂದರೆ ಸೋಡಿಯಂ ಲಾರಿಲ್ ಸಲ್ಫೇಟ್, ನೊರೆ ಬರಿಸುವ ವಸ್ತು. ಇದು ಮಗುವಿಗೆ ಅಪಾಯವೆನ್ನಲು ಪುರಾವೆಯಿಲ್ಲ, ಆದರೂ ಇದನ್ನು ಬಿಡಲು ಬೇರೆಯೇ ಕಾರಣವಿದೆ: ಮೊದಲ ಮೂರು ತಿಂಗಳ ವಾಕರಿಕೆಯಲ್ಲಿ ಬಾಯಿತುಂಬ ಏಳುವ ನೊರೆ ಮತ್ತು ಘಾಟಾದ ಪುದೀನ ವಾಸನೆ ಕೆಲವರಿಗೆ ಬ್ರಷ್ ಮುಟ್ಟಲೂ ಆಗದಂತೆ ಮಾಡುತ್ತವೆ. ಪದೇಪದೇ ಬಾಯಿಹುಣ್ಣಾಗುವವರಿಗೂ ಎಸ್‌ಎಲ್‌ಎಸ್ ಇಲ್ಲದ ಪೇಸ್ಟು ಹಿತ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು, ಏಕೆಂದರೆ ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಎನಾಮಲ್ ಆಗ ಬೇಗ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಾದು ಬ್ರಷ್ ಮಾಡಬೇಕು. ಹಾರ್ಮೋನುಗಳ ಏರಿಕೆಯಿಂದ ವಸಡು ಊದಿ ರಕ್ತ ಒಸರುವುದು ಈ ಕಾಲದಲ್ಲಿ ತೀರ ಸಾಮಾನ್ಯ. ಪೇಸ್ಟು ಬದಲಿಸಿದ ಮಾತ್ರಕ್ಕೆ ಅದು ನಿಲ್ಲದು, ಉಜ್ಜುವುದನ್ನು ಬಿಟ್ಟರೆ ಉಲ್ಬಣಿಸುತ್ತದೆ. ದಂತವೈದ್ಯರಿಗೆ ತೋರಿಸಿ ಹಲ್ಲು ಸ್ವಚ್ಛಗೊಳಿಸಿಕೊಳ್ಳುವುದಕ್ಕೆ ಬಸಿರು ಅಡ್ಡಿಯಲ್ಲ.

ಹೆಚ್ಚು ಗೊಂದಲವಿರುವುದು ಫ್ಲೋರೈಡಿನ ವಿಚಾರದಲ್ಲಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ತಗ್ಗುವುದಕ್ಕೂ ನಂಟಿದೆಯೆಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿ ಹೇಳಿದ ಮೇಲೆ, ಫ್ಲೋರೈಡ್ ಪೇಸ್ಟನ್ನೇ ಬಿಟ್ಟವರಿದ್ದಾರೆ. ಆ ವರದಿ ಹೇಳಿದ್ದು ಮುಖ್ಯವಾಗಿ ಕುಡಿಯುವ ನೀರಿನ ಬಗ್ಗೆ. ಭಾರತದ ಕಾನೂನಿನ ಪ್ರಕಾರ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ, ಅದರ ಪ್ರಮಾಣವನ್ನು ಟ್ಯೂಬು ಮತ್ತು ಪೆಟ್ಟಿಗೆ ಎರಡರ ಮೇಲೂ ನಮೂದಿಸಬೇಕು. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ ತೂಗುತ್ತದೆ, ಹಾಗಾಗಿ ಅದರಲ್ಲಿರುವುದು ಕಾಲು ಮಿಲಿಗ್ರಾಂ ಮಾತ್ರ. ಅದರಲ್ಲೂ ಬಹುಪಾಲನ್ನು ಉಗುಳಿಬಿಡುತ್ತೇವೆ. ಕೋಲಾರ, ಪಾವಗಡ, ಮುಂಡರಗಿ, ರಾಯಚೂರಿನ ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ಲುಗಳಿವೆ. ಅಂಥ ಬೋರ್‌ವೆಲ್ಲಿನ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆಯೆಂದುಕೊಂಡರೆ, ದಿನಕ್ಕೆ ಮೂರು ಲೀಟರ್ ಕುಡಿಯುವ ಗರ್ಭಿಣಿಯ ಹೊಟ್ಟೆಗೆ ಆರು ಮಿಲಿಗ್ರಾಂ ಹೋಗುತ್ತದೆ. ಅಲ್ಲಿ ಮೊದಲು ಬದಲಾಗಬೇಕಾದದ್ದು ನೀರು. ಪೇಸ್ಟಿನ ಫ್ಲೋರೈಡನ್ನು ಉಗುಳುತ್ತೇವೆ, ನೀರಿನದ್ದನ್ನು ನುಂಗುತ್ತೇವೆ ಎಂಬ ವ್ಯತ್ಯಾಸವನ್ನು ಜಾಹೀರಾತುಗಳು ಬೇಕೆಂದೇ ಮರೆಸುತ್ತವೆ ಎಂದು ನನಗನ್ನಿಸುತ್ತದೆ. ಹುಳುಕು ತಡೆಯುತ್ತದೆಂದು ಬಲವಾದ ಸಾಕ್ಷ್ಯವಿರುವುದು ಫ್ಲೋರೈಡಿಗೇ ಆದ್ದರಿಂದ, ಬ್ರಷ್ಷಿನ ಉದ್ದಕ್ಕೂ ಹಚ್ಚುವ ಬದಲು ಬಟಾಣಿಯಷ್ಟೇ ಹಚ್ಚಿ, ನುಂಗದೆ ಉಗುಳಿದರೆ ಸಾಕು.

ಇಷ್ಟೆಲ್ಲ ಹೆಸರುಗಳ ನಡುವೆ, ಬಸುರಿಯ ಬಾಯಿಗೆ ಖಂಡಿತ ಬೇಡವಾದ ವಸ್ತು ತಂಬಾಕು. ಹಲ್ಲುಪುಡಿ, ಟೂತ್‌ಪೇಸ್ಟುಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಮಹಾರಾಷ್ಟ್ರದಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ಬೆಳಗಾವಿ ಸೀಮೆಯಲ್ಲಿ ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ರೂಢಿ ಹೆಂಗಸರಲ್ಲಿ ಇನ್ನೂ ಇದೆ, ಅದು ಪೇಟೆಯ ಪೇಸ್ಟಿಗಿಂತ ‘ನ್ಯಾಚುರಲ್’ ಎಂಬ ನಂಬಿಕೆಯೂ ಇದೆ. ಅದರ ನಿಕೋಟಿನ್ ವಸಡಿನಿಂದ ನೇರವಾಗಿ ರಕ್ತಕ್ಕಿಳಿದು, ಮಾಸುಚೀಲವನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಕಡಿಮೆ ತೂಕದ ಹೆರಿಗೆ, ಅವಧಿಗೆ ಮೊದಲೇ ಆಗುವ ಹೆರಿಗೆ ಮತ್ತು ಹೊಟ್ಟೆಯಲ್ಲೇ ಮಗು ಸಾಯುವ ಅಪಾಯ ಇದರಿಂದ ಹೆಚ್ಚುತ್ತದೆ. ಮನೆಯಲ್ಲೇ ಹುರಿದ ಮಿಶ್ರಿಗೆ ಪೆಟ್ಟಿಗೆಯೂ ಇಲ್ಲ, ಪಟ್ಟಿಯೂ ಇಲ್ಲ. ಬೆಳಗ್ಗೆ ಮಿಶ್ರಿ ಹಚ್ಚದಿದ್ದರೆ ತಲೆ ಸಿಡಿಯುತ್ತದೆ, ಹೊಟ್ಟೆ ಸರಿಯಾಗುವುದಿಲ್ಲ ಎನ್ನುವವರಿಗೆ ಅದು ಚಟವಾಗಿ ಹತ್ತಿದೆ ಎಂದೇ ತಿಳಿಯಬೇಕು. ಅಂಥವರು ತಪಾಸಣೆಗೆ ಹೋದಾಗ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಅದನ್ನು ಸಂಕೋಚಪಡದೆ ಹೇಳಿದರೆ ಬಿಡಲು ನೆರವು ಸಿಗುತ್ತದೆ.