ಕ್ಯಾಂಪರ್ ಸೈಲೆನ್ಸರ್ ದನಿ: 64 ಸೆಂಟಿಮೀಟರ್ ಪೈಪ್ ಯಾಕ ಕೆಲಸ ಮಾಡ್ಲಿಲ್ಲ

ನಮ್ ಮನ್ಯಾಗ ಬೊಲೆರೊ ಕ್ಯಾಂಪರ್ ಅದ, 2,523 ಸಿಸಿ, 4 ಸಿಲಿಂಡರ್, ಟರ್ಬೊ ಡೀಸೆಲ್, ಬಿಎಸ್4 ಗಾಡಿ. ತೊಗರಿ ಚೀಲ ಹೇರ್ಕೊಂಡು ಗಂಜಿಗಿ (ಕಾಳಿನ ಮಾರ್ಕೆಟ್ಟಿಗಿ) ಹೋಗೋದೂ ಅದೇ, ಹುಣ್ಣಿಮಿಗಿ ಮನಿ ಮಂದಿ ಎಲ್ಲಾ ಕೂತು ಗಾಣಗಾಪುರಕ್ಕ ಹೋಗೋದೂ ಅದೇ. ಸೈಲೆನ್ಸರ್ ತುಕ್ಕ ಹಿಡದು ತೂತ ಬಿದ್ದಿತ್ತು, ಹೆಂಗೂ ಬದ್ಲಿ ಮಾಡ್ಬೇಕು, ಮಾಡೋದೇ ಇದ್ರ ಛಲೋ ದನಿ ಬರೋದು ಹಾಕೋಣು ಅಂದೆ. ನಮ್ಮಪ್ಪ ಒಂದೇ ಮಾತು ಹೇಳ್ದ, "ದನಿ ದೊಡ್ಡದು ಬ್ಯಾಡ, ಗಂಭೀರ ಇರ್ಲಿ."

ನಾನು ಐಟಿಐದಾಗ ಡೀಸೆಲ್ ಮೆಕ್ಯಾನಿಕ್ ಓದ್ಲತ್ತೀನಿ. ಈ ಕೆಲಸದಾಗ ಎರಡು ಸಲ ಲೆಕ್ಕ ತಪ್ಪಿ ಎರಡು ಪೈಪ್ ಹಾಳ ಮಾಡೀನಿ, ತಲ್ಯಾಗ ಇನ್ನಾ ಬಿಸಿ ಇದ್ದಾಗೇ ಬರದಿಡ್ಬೇಕು ಅಂತ ಕೂತೀನಿ, ನಿಮ್ಗೂ ಉಪಯೋಗ ಆಗ್ಲಿ.

ಸೈಲೆನ್ಸರ್ ಒಳಗ ಏನದ

ಎಕ್ಸಾಸ್ಟ್ ವಾಲ್ವ್ ತೆರದ ಕೂಡ್ಲೇ ಒತ್ತಡದಾಗಿನ ಗ್ಯಾಸ್ ಧಡ್ ಅಂತ ಹೊರಗ ನುಗ್ತದ, ಆ ಬಡಿತಾನೇ ಸಪ್ಪಳ. ಟರ್ಬೊ ಅಂದ್ರ ಹೊಗಿ ಬಲದಿಂದ ತಿರಗಿ ಎಂಜಿನಿಗಿ ಗಾಳಿ ತುಂಬೋ ಫ್ಯಾನ್, ಅದು ಆ ಬಡತದ ಶಕ್ತಿ ಸ್ವಲ್ಪ ತಿಂತದ, ಅದಕ್ಕ ಟರ್ಬೊ ಗಾಡಿ ದನಿ ಮೊದ್ಲೇ ಮೆತ್ತಗಿರ್ತದ. ಡೀಸೆಲ್ ಗಾಡಿ ಟಕಟಕ ಅನ್ನೋದು ಪೈಪಿನ ಸಪ್ಪಳ ಅಲ್ಲ, ಅದು ಒಳಗ ಡೀಸೆಲ್ ಒಮ್ಮೆಲೇ ಉರಿಯೋದ್ರಿಂದ ಎಂಜಿನ್ ಮೈಯಿಂದ ಬರೋದು, ಯಾವ ಸೈಲೆನ್ಸರ್ ಹಾಕಿದ್ರೂ ಅದು ಹೋಗಂಗಿಲ್ಲ.

ಸೈಲೆನ್ಸರ್‌ನಾಗ ಎರಡು ಜಾತಿ. ಒಂದರಾಗ ಒಳಗ ಖೋಲಿ ಖೋಲಿ ಇರ್ತಾವ, ಸಪ್ಪಳ ಗ್ವಾಡಿಗಿ ಬಡದು ಹೊಳ್ಳಿ ಬಂದು ತನ್ನನ್ನ ತಾನೇ ಕೊಲ್ತದ. ಇನ್ನೊಂದು ನೆಟ್ಟಗಿನ ಪೈಪು, ಮೈ ತುಂಬ ಸಣ್ಣ ತೂತು, ಸುತ್ತ ಗ್ಲಾಸ್ ವೂಲ್. ಗ್ಲಾಸ್ ವೂಲ್ ಚೀರೋ ಸಪ್ಪಳ ನುಂಗ್ತದ, ದಪ್ಪ ಸಪ್ಪಳ ಬಿಟ್ಟುಬಿಡ್ತದ. ಅಪ್ಪ ಕೇಳಿದ ಗಂಭೀರ ದನಿ ಇದರಾಗೇ ಸಿಗ್ತದ, ಹಂಗಾಗಿ ಇದನ್ನೇ ತಂದೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗ್ಯಾಗಿನ ವಿಷ ಕಡಿಮಿ ಮಾಡೋ ಡಬ್ಬಿ) ಮುಟ್ಟಿಲ್ಲ, ಅದರ ಹಿಂದಿನ ಭಾಗ ಅಷ್ಟೇ ಬದ್ಲಿ. ಪೈಪಿನ ಅಗಲ ಕಂಪನಿದು ಎಷ್ಟಿತ್ತೋ ಅಷ್ಟೇ ಇಟ್ಟೆ. "ಬ್ಯಾಕ್ ಪ್ರೆಶರ್ (ಹೊಗಿ ಹೊರಗ ಹೋಗೋದಕ್ಕ ಪೈಪಿನಾಗ ಇರೋ ಅಡ್ಡಿ) ಇಲ್ದಿದ್ರ ಗಾಡಿ ಎಳೆಯಂಗಿಲ್ಲ" ಅಂತ ಎಲ್ಲಾರೂ ಹೇಳ್ತಾರ, ಟರ್ಬೊ ಗಾಡಿಗಿ ಅದು ಖರೇ ಅಲ್ಲ, ಟರ್ಬೊದ ಹಿಂದ ಅಡ್ಡಿ ಕಡಿಮಿ ಇದ್ದಷ್ಟು ಟರ್ಬೊ ಆರಾಮ್ ತಿರಗ್ತದ.

ಗುಂಯ್ ಅನ್ನೋದು

ಫಿಟ್ ಮಾಡಿ ಚಾಲೂ ಮಾಡಿದ್ರ ದನಿ ಅಪ್ಪ ಹೇಳ್ದಂಗೇ ಬಂತು. ಹುಮನಾಬಾದ್ ರೋಡಿಗಿ ಹೋದ್ವಿ. 2000 ಆರ್‌ಪಿಎಂ (ನಿಮಿಷಕ್ಕ ಎಂಜಿನ್ ತಿರಗೋ ಸುತ್ತು) ಹತ್ರ ಬಂತಂದ್ರ ಕ್ಯಾಬಿನ್ ಒಳಗ ಗುಂಯ್ ಅಂತ ಒಂದೇ ಸಮ, ಕಿವಿ ಒತ್ತಿ ಹಿಡದಂಗ, ಕಮಲಾಪುರ ಮುಟ್ಟೋದ್ರಾಗ ಅವ್ವನ ತಲಿ ಹಿಡಕೊಂಡಿತ್ತು. ದಪ್ಪ ಸಪ್ಪಳ ಗ್ಲಾಸ್ ವೂಲಿಗಿ ಸಿಗಂಗಿಲ್ಲ ಅಂದ್ನಲ್ಲ, ಅದೇ ಇದು.

ಇದಕ್ಕ ಮದ್ದು ಅಂದ್ರ ಮೇನ್ ಪೈಪಿಗಿ ಒಂದು ಕೊಂಬಿ ಪೈಪ್ ಬೆಸಿಯೋದು, ಅದರ ಇನ್ನೊಂದ್ ತುದಿ ಬಂದ್. ಸಪ್ಪಳದ ಅಲಿ ಕೊಂಬ್ಯಾಗ ಹೋಗಿ, ಬಂದ್ ತುದಿಗಿ ಬಡದು ಹೊಳ್ಳಿ ಬರೋದ್ರಾಗ ಅರ್ಧ ಅಲಿ ಅಷ್ಟು ದಾರಿ ಆಗಿರ್ಬೇಕು, ಆವಾಗ ಅದು ಮೇನ್ ಪೈಪಿನ ಸಪ್ಪಳಕ್ಕ ಪೂರಾ ಉಲ್ಟಾ ಆಗಿ ಅದನ್ನ ಕೊಲ್ತದ. ಹೋಗಿ ಬರೋದು ಅರ್ಧ ಅಂದ್ರ ಕೊಂಬಿ ಉದ್ದ ಅಲೀದು ಕಾಲು ಭಾಗ. ಉದ್ದನ ಸ್ಟೀಲ್ ಗ್ಲಾಸ್ ನಳದ ಕೆಳಗ ಹಿಡೀರಿ, ನೀರು ಏರ್ದಂಗ ದಪ್ಪ ಸಪ್ಪಳ ಚೀರೋ ಸಪ್ಪಳ ಆಗ್ತಾ ಹೋಗ್ತದ, ಯಾಕಂದ್ರ ಒಳಗಿನ ಗಾಳಿ ಉದ್ದ ಕಡಿಮಿ ಆಗ್ತದ. ಕೊಂಬಿಗೂ ಅದೇ ಲೆಕ್ಕ, ಉದ್ದ ಎಷ್ಟೋ ಅದಕ್ಕ ತಕ್ಕ ಸಪ್ಪಳ ಒಂದನ್ನೇ ಹಿಡೀತದ.

ಉದ್ದ = ಸಪ್ಪಳದ ವೇಗ ÷ (4 × ಹರ್ಟ್ಜ್). ಹರ್ಟ್ಜ್ ಅಂದ್ರ ಸೆಕೆಂಡಿಗಿ ಎಷ್ಟು ಬಡತ ಅನ್ನೋದು. ಸೂತ್ರ ಇಷ್ಟೇ, ನಾ ಬಿದ್ದಿದ್ದು ಹರ್ಟ್ಜ್ ಹಾಕೋದ್ರಾಗ.

ಎರಡರಿಂದ ಭಾಗ್ಸೋದು (ಇಲ್ಲಿ ಸಾವಕಾಶ ಓದ್ರಿ)

ನಾ ಮಾಡಿದ್ದು ಹಿಂಗ: 2000 ÷ 60 = ಸೆಕೆಂಡಿಗಿ 33.3 ಸುತ್ತು, ಸಿಲಿಂಡರ್ 4 ಅವ, 33.3 × 4 = 133 ಹರ್ಟ್ಜ್. ವೇಗ ಪುಸ್ತಕದಾಗ ಇದ್ದ ಸೆಕೆಂಡಿಗಿ 343 ಮೀಟರ್. 343 ÷ (4 × 133) = 0.64 ಮೀಟರ್. ಮನಿ ಮುಂದಿನ ಶಹಾಬಾದ್ ಫರ್ಸಿ ಮ್ಯಾಲ ಖಡೂದಿಂದ ಗೆರಿ ಹಾಕಿ, 64 ಸೆಂಟಿಮೀಟರ್ ಅಳ್ದು ಕತ್ತರಿಸಿ, ವೆಲ್ಡಿಂಗ್ ಚಾಚಾನ ಹತ್ರ ಬೆಸಿಸ್ಕೊಂಡು ಬಂದೆ. ಗುಂಯ್ ಇದ್ದಂಗೇ ಇತ್ತು, ಒಂದ್ ಕೂದಲೆಳಿ ಅಷ್ಟೂ ಕಡಿಮಿ ಆಗ್ಲಿಲ್ಲ.

ಆವಾಗ ಫೋನಿನಾಗ ಸಪ್ಪಳದ ಹರ್ಟ್ಜ್ ತೋರ್ಸೋ ಆ್ಯಪ್ ಹಾಕ್ಕೊಂಡು ಹಿಂದಿನ ಸೀಟಿನಾಗ ಕೂತೆ. ಗುಂಯ್ ಅಂದಾಗ ಎತ್ತರದ ಗೆರಿ 67ರ ಮ್ಯಾಲ. 133 ಅಲ್ಲ, 67, ಬರೋಬ್ಬರಿ ಅರ್ಧ. ಆ್ಯಪ್ ತಪ್ಪು ತೋರಸ್ಲತ್ತದ ಅಂತ ಎರಡು ದಿನ ಅಂದ್ಕೊಂಡಿದ್ದೆ.

ಚಾಚಾಗ ಕೇಳ್ದೆ. ಅವರು ಬಾಯಿಂದ ಹೇಳ್ಲಿಲ್ಲ, ಬಾಜೂ ಬಿಚ್ಚಿಟ್ಟಿದ್ದ ಹಳೇ ಎಂಜಿನ್ ಹತ್ರ ಕರ್ಕೊಂಡು ಹೋದ್ರು. ಹೆಡ್ ಕವರ್ ತೆಗದಿತ್ತು. ಕ್ರ್ಯಾಂಕ್ (ಎಂಜಿನ್ ಒಳಗ ತಿರಗೋ ದಂಡ) ಪುಲ್ಲಿ ಮ್ಯಾಲ ಖಡೂದ ಗೆರಿ ಹಾಕಿ, ನನ್ನ ಕೈಯಾಗ ಪಾನಾ ಕೊಟ್ಟು, "ತಮ್ಮಾ, ನೀ ತಿರಿಗ್ಸು, ಒಂದನೇ ಸಿಲಿಂಡರ್ ಎಕ್ಸಾಸ್ಟ್ ವಾಲ್ವ್ ಅಷ್ಟೇ ನೋಡು, ಉಳಿದಿದ್ದು ನೋಡ್ಬ್ಯಾಡ" ಅಂದ್ರು. ಗೆರಿ ಒಂದ್ ಸುತ್ತ ತಿರಗಿ ಮ್ಯಾಲ ಬಂತು, ವಾಲ್ವ್ ಒಂದ್ಸಲ ಕೆಳಗ ಹೋಗಿ ಬಂದಿತ್ತು. ಇನ್ನೊಂದ್ ಸುತ್ತು ತಿರಿಗ್ಸಿದೆ, ವಾಲ್ವ್ ಅಲುಗಾಡ್ಲೇ ಇಲ್ಲ. ಮೂರನೇ ಸುತ್ತಿಗಿ ಮತ್ತ ತೆರೀತು.

ಎಳ್ಕೊಳ್ಳೋದು, ಒತ್ತೋದು, ಉರಿಯೋದು, ಹೊರಗ ಹಾಕೋದು, ಈ ನಾಕು ಹೊಡತ ಆಗ್ಲಿಕ್ಕ ಕ್ರ್ಯಾಂಕ್ ಎರಡು ಸುತ್ತು ಬೇಕು. ಪರೀಕ್ಷಾದಾಗ ನಾನೇ ನಾಕ್ಸಲ ಬರದೀನಿ ಇದನ್ನ, ಆದ್ರ ಲೆಕ್ಕ ಹಾಕೋವಾಗ ಕೈಗಿ ಬರ್ಲಿಲ್ಲ. ಒಂದೊಂದು ಸಿಲಿಂಡರ್ ಎರಡು ಸುತ್ತಿಗಿ ಒಂದೇ ಸಲ ಹೊಗಿ ಬಿಡ್ತದ. ನಾಕು ಸಿಲಿಂಡರ್ ಅಂದ್ರ ಎರಡು ಸುತ್ತಿಗಿ ನಾಕು ಬಡತ, ಅಂದ್ರ ಒಂದ್ ಸುತ್ತಿಗಿ ಎರಡು. ಹಂಗಾಗಿ 33.3 × 2 = 66.7 ಹರ್ಟ್ಜ್. ಫೋನ್ ಖರೇನೇ ಹೇಳಿತ್ತು.

ನಾ ಈಗ ಬಾಯಿಪಾಠ ಇಟ್ಕೊಂಡಿದ್ದು, "ಸಿಲಿಂಡರಿನ ಅರ್ಧ, ಸುತ್ತಿಗಿ ಬಡತ". ಮೂರು ಸಿಲಿಂಡರಿಗಿ ಒಂದೂವರಿ, ಆರಕ್ಕ ಮೂರು. ಟೂ ಸ್ಟ್ರೋಕಿಗಿ ಮಾತ್ರ ಅರ್ಧ ಮಾಡಬ್ಯಾಡ್ರಿ, ಅದರಾಗ ಒಂದೊಂದು ಸಿಲಿಂಡರಿಗಿ ಪ್ರತಿ ಸುತ್ತಿಗೂ ಒಂದು ಬಡತ ಇರ್ತದ.

ಬಿಸಿ ಗ್ಯಾಸು

ಹರ್ಟ್ಜ್ ಸರಿ ಮಾಡಿ 343 ÷ (4 × 66.7) = 1.29 ಮೀಟರ್ ಕತ್ತರಿಸ್ದೆ. ಗುಂಯ್ ಸ್ವಲ್ಪ ಕಡಿಮಿ ಆಯ್ತು, ಹೋಗ್ಲಿಲ್ಲ. 343 ಅನ್ನೋದು 20 ಡಿಗ್ರಿ ಗಾಳ್ಯಾಗಿನ ವೇಗ, ಬಿಸಿ ಏರ್ದಂಗ ಸಪ್ಪಳ ಜೋರ್ ಓಡ್ತದ. ವೇಗ = 20.05 × √(ಡಿಗ್ರಿ + 273). ಅಂದಾಜು 200 ಡಿಗ್ರಿ ಹಿಡದ್ರ √473 = 21.75, ವೇಗ 436, ಉದ್ದ 1.64 ಮೀಟರ್.

ಈ ಸಲ ಕಟ್ ಮಾಡಿ ಬೆಸೀಲಿಲ್ಲ. 1.64 ಮೀಟರ್ ಪೈಪ್ ಮಡಚಿ ಚೆಸ್ಸಿಸ್ ಬಾಜೂ ತೂಗ್ಹಾಕಿ, ತುದಿಗಿ ಒಳಗ ಜಾರೋ ಮುಚ್ಚಳ ಇಟ್ಟು, ಎರಡೆರಡು ಸೆಂಟಿಮೀಟರ್ ಒಳಗ ದಬ್ಬಿ ದಬ್ಬಿ ರೋಡಿಗಿ ಹೋಗಿ ನೋಡ್ದೆ. 1.54ಕ್ಕ ಬಂದಾಗ 2000ದಾಗಿನ ಗುಂಯ್ ನಿಂತೇ ಹೋಯ್ತು, ಫೋನಿನಾಗ 67ರ ಗೆರಿ ಕೆಳಗ ಕೂತ್ಬಿಡ್ತು. ಅಲ್ಲೇ ಬೆಸಿಸ್ದೆ.

ಫಿಟ್ಟಿಂಗ್

ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ಮೈನಸ್ ಬಿಚ್ರಿ, ಇಲ್ಲಂದ್ರ ಆಲ್ಟರ್ನೇಟರ್, ಇಸಿಯು (ಎಂಜಿನ್ ನಡಸೋ ಕಂಪ್ಯೂಟರ್) ಹೋಗೋ ಭಯ. ಕೊಂಬಿ ಅಗಲ ಮೇನ್ ಪೈಪಿನಷ್ಟೇ ಇರ್ಲಿ. ಅದನ್ನ ಹಿಂದಿನ ಬಾಯಿಗಿ ಹತ್ರ ಬೆಸಿಬ್ಯಾಡ್ರಿ, ಅಲ್ಲಿ ಸಪ್ಪಳದ ಒತ್ತಡ ಕಡಿಮಿ, ಕೆಲಸ ಮಾಡಂಗಿಲ್ಲ. ಮೇನ್ ಪೈಪಿನ ಕಡಿ ಇಳಿಜಾರ್ ಇರ್ಲಿ, ಇಲ್ಲಂದ್ರ ಒಳಗ ನೀರು ನಿಂತು ತುಕ್ಕ ಹಿಡೀತದ. ಬ್ರೇಕ್ ಪೈಪ್, ಸ್ಟೆಪ್ನಿ ಟೈರ್ ದೂರ ಇರ್ಬೇಕು.

ಎಲ್ಲಾ ಆದ್ಮ್ಯಾಲ ಗಾಡಿ ಐಡಲ್ ಇಟ್ಟು, ಹಿಂದಿನ ಬಾಯಿಗಿ ಒಂದ್ ಗಳಿಗಿ ದಪ್ಪ ಅರಬಿ ಒತ್ತಿ ಹಿಡಿದ್ರ, ಎಲ್ಲಿ ಲೀಕ್ ಅದ ಅಲ್ಲಿ ಸುಸ್ ಅಂತ ಕೇಳ್ತದ. ಇದು ಬಿಡಬ್ಯಾಡ್ರಿ. ಒಳಗ ಮಕ್ಳು ಮರಿ ಕೂಡ್ತಾರ, ಕ್ಯಾಬಿನ್ ಕೆಳಗ ಹೊಗಿ ಸೋರಿದ್ರ ಕಾರ್ಬನ್ ಮೊನಾಕ್ಸೈಡ್ ವಾಸನಿ ಇಲ್ದೇ ಮ್ಯಾಲ ಬರ್ತದ.

ಕೇಂದ್ರ ಮೋಟಾರು ವಾಹನ ನಿಯಮ 120 ಪ್ರಕಾರ ಸೈಲೆನ್ಸರ್ ಇರ್ಲೇಬೇಕು. ಅದನ್ನ ಕಿತ್ತು ಬರೇ ಪೈಪ್ ಹಾಕಿ ಸಪ್ಪಳ ಮಿತಿ ದಾಟಿದ್ರ, ಮೋಟಾರು ವಾಹನ ಕಾಯ್ದೆ 190(2) ಕೆಳಗ ಮೊದಲ್ನೇ ಸಲಕ್ಕೇ 10,000 ರೂಪಾಯಿ ತನಕ ದಂಡ, ಇಲ್ಲಾ 3 ತಿಂಗಳ ತನಕ ಜೈಲು, ಇಲ್ಲಾ ಎರಡೂ.

1.64 ಯಾಕ 1.54 ಆಯ್ತು

ಹಿಂದ್ಲಿಂದ ಲೆಕ್ಕ ಹಾಕ್ದೆ. 4 × 66.7 × 1.54 = 411 ವೇಗ. 411 ÷ 20.05 = 20.5, ಅದರ ವರ್ಗ 420, 273 ಕಳೆದ್ರ 147 ಡಿಗ್ರಿ. ಕೊಂಬ್ಯಾಗಿನ ಗ್ಯಾಸ್ ಓಡಂಗಿಲ್ಲ, ನಿಂತಿರ್ತದ, ಅದಕ್ಕ ಮೇನ್ ಪೈಪಿನಕಿಂತ ಅದು ತಂಪು. ಲೋಡ್ ಇದ್ದಾಗ ಇದು ಮತ್ತ ಬದ್ಲಿ ಆಗ್ತದ, ಮೊನ್ನಿ ಎಂಟು ಕ್ವಿಂಟಲ್ ತೊಗರಿ ಹೇರಿ ಗಂಜಿಗಿ ಹೋಗುವಾಗ 2000ದಾಗ ಗುಂಯ್ ಸಣ್ಣಗ ಹೊಳ್ಳಿ ಬಂತು. ಕೊಂಬಿ 180 ಡಿಗ್ರಿ ಮುಟ್ಟಿದ್ರ ವೇಗ 427 ಆಗ್ತದ, ಅದೇ 1.54 ಪೈಪು ಆವಾಗ 69 ಹರ್ಟ್ಜ್ ಹಿಡೀತದ, ಅಂದ್ರ 2080 ಆರ್‌ಪಿಎಂ. ಮುಂದಿನ ಲೋಡಿಗಿ ಫೋನ್ ಹಿಡ್ಕೊಂಡು ಹಿಂದಿನ ಸೀಟಿನಾಗೇ ಕೂಡ್ತೀನಿ.